ಮೂರು ಗಾಲಿಯ ಮೇಲೆ ಉಕ್ಕಿನ ಊರು

ಕಾರ್ಖಾನೆ ಇರುವ ಊರಿನ ಕ್ಯಾಲೆಂಡರಿನಲ್ಲಿ ಸಂಬಳದ ವಾರವೇ ದೊಡ್ಡ ಹಬ್ಬ. ಆ ವಾರ ದಿನಸಿ ಅಂಗಡಿಯ ಲೆಕ್ಕ ಚುಕ್ತಾ ಆಗುತ್ತದೆ, ಚೀಟಿಯ ಕಂತು ಕಟ್ಟಿ ಮುಗಿಯುತ್ತದೆ, ಮಾರ್ಕೆಟ್ಟಿನಿಂದ ಎರಡು ಕೈಚೀಲ ತುಂಬಿಸಿಕೊಂಡ ಸಂಸಾರ ನಡೆದುಕೊಂಡು ಹೋಗದೆ ಆಟೊ ಕರೆಯುತ್ತದೆ. ಭದ್ರಾವತಿಯ ಆಟೊ ಚಾಲಕರ ದುಡಿಮೆ ಬಹುಕಾಲ ಈ ಲೆಕ್ಕದ ಮೇಲೆಯೇ ನಡೆಯಿತು. ಕಬ್ಬಿಣದ ಕಾರ್ಖಾನೆ ಒಂದು ಕಡೆ, ಕಾಗದದ ಕಾರ್ಖಾನೆ ಇನ್ನೊಂದು ಕಡೆ, ನಡುವೆ ಭದ್ರಾ ಹೊಳೆ. ಹಳೇನಗರ, ನ್ಯೂಟೌನ್, ಜನ್ನಾಪುರ, ಹುತ್ತಾ ಕಾಲೋನಿ, ಪೇಪರ್‌ಟೌನ್ ಎಂದು ಊರು ಅಷ್ಟಗಲ ಹರಡಿಕೊಂಡಿದೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಬಿಸಿಲಲ್ಲಿ ನಡೆಯುವುದು ಸುಲಭವಲ್ಲ. ಆಟೊಗೆ ಹೇಳಿ ಮಾಡಿಸಿದ ಊರು.

ಈಗ ಆ ಊರಿನ ಸ್ಟ್ಯಾಂಡುಗಳಲ್ಲಿ ಸರತಿ ಉದ್ದವಾಗಿದೆ, ಬಾಡಿಗೆ ಕಡಿಮೆಯಾಗಿದೆ. ಎರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ.

ಬೆಂಕಿಪುರ ಎಂಬ ಸಣ್ಣ ಊರು ಭದ್ರಾವತಿಯಾಗಿ ಬೆಳೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಬಂದ ಕಬ್ಬಿಣದ ಕಾರ್ಖಾನೆಯಿಂದ. 1923ರ ಜನವರಿಯಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಊರಿನವರ ಬಾಯಲ್ಲಿ ಎಂಪಿಎಂ, ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಉರ್ದು ಮಾತಾಡುವವರು, ಬಯಲುಸೀಮೆಯ ಕನ್ನಡಿಗರು ಎಲ್ಲರೂ ಬಂದರು. ಕಾಯಂ ನೌಕರಿ ಸಿಕ್ಕವರಿಗೆ ಕ್ವಾರ್ಟರ್ಸ್, ಕಾರ್ಖಾನೆಯ ಆಸ್ಪತ್ರೆ, ಪಿ.ಎಫ್. ಎಲ್ಲ ಇತ್ತು. ನೌಕರಿ ಸಿಗದವರು ಅವರನ್ನೇ ನೆಚ್ಚಿ ಹೋಟೆಲು, ಕ್ಷೌರದಂಗಡಿ, ಸೈಕಲ್ ಶಾಪು ಇಟ್ಟರು. ಆಮೇಲಿನ ತಲೆಮಾರು ಆಟೊ ಕೊಂಡಿತು.

ವಿಐಎಸ್‌ಎಲ್ ಎಂದು ಹೆಸರಾದ ಆ ಕಬ್ಬಿಣದ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ, ಅಂದರೆ ಸೇಲ್‌ನಲ್ಲಿ ವಿಲೀನವಾಯಿತು. ಸ್ವಂತದ್ದೆನ್ನುವ ಅದಿರು ಗಣಿ ಇಲ್ಲದ, ಹಳೆಯ ಯಂತ್ರಗಳ ಕಾರ್ಖಾನೆಗೆ ಅದರಿಂದ ಮರುಜೀವ ಬರಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮಾರಲು ಒಪ್ಪಿಗೆ ಕೊಟ್ಟಿತು. ಕೊಳ್ಳುವವರು ಸಿಗದೆ 2022ರಲ್ಲಿ ಮಾರಾಟದ ಪ್ರಸ್ತಾಪವನ್ನೇ ಕೈಬಿಟ್ಟಿತು. ಮರುವರ್ಷ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ನೂರು ವರ್ಷ ತುಂಬಿದ ತಿಂಗಳಲ್ಲೇ ಬೀಗದ ಸುದ್ದಿ! ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಬಾಗಿಲಲ್ಲಿ ಧರಣಿ ಕೂತರು, ಊರು ಬಂದ್ ಆಯಿತು. ಆ ವರ್ಷ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್ ವಿಭಾಗ ಮತ್ತೆ ತಿರುಗಿತು, ಅಷ್ಟೇ. ಎಂಪಿಎಂನ ಯಂತ್ರಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತುಹೋಗಿದ್ದವು.

ಕಾರ್ಖಾನೆ ಬಿಟ್ಟವನಿಗೆ, ಕಾರ್ಖಾನೆಯಿಂದ ಹೊರಬಿದ್ದವನಿಗೆ, ಕಾರ್ಖಾನೆ ಸೇರುವ ಆಸೆಯಲ್ಲೇ ಐಟಿಐ ಮುಗಿಸಿದ ಅವರ ಮಗನಿಗೆ ಈ ಊರಿನಲ್ಲಿ ಬೇಗ ಕೈಗೆಟುಕುವ ಕಸುಬು ಆಟೊ. ಲೈಸೆನ್ಸು, ಬ್ಯಾಡ್ಜು, ಒಂದಿಷ್ಟು ಮುಂಗಡ ಇದ್ದರೆ ಸಾಕು. ಯಾರ ಶಿಫಾರಸೂ ಬೇಡ. ಆದರೆ ಸಂಬಳ ನಿಂತ ಮನೆಯ ಗಂಡಸು ಸ್ಟ್ಯಾಂಡಿಗೆ ಬಂದು ನಿಂತ ದಿನವೇ ಆ ಮನೆಯ ಹೆಂಗಸು ಆಟೊ ಹತ್ತುವುದನ್ನು ಬಿಟ್ಟಿರುತ್ತಾಳೆ. ಓಡಿಸುವವರು ಒಬ್ಬರು ಹೆಚ್ಚಾದಾಗಲೆಲ್ಲ ಹತ್ತುವವರು ನಾಲ್ವರು ಕಡಿಮೆ. ದೊಡ್ಡ ನಗರದ ರಿಕ್ಷಾ ಕಥೆಗೂ ಭದ್ರಾವತಿಯ ಕಥೆಗೂ ಇರುವ ವ್ಯತ್ಯಾಸ ಇದು. ಅಲ್ಲಿ ನಗರ ಬೆಳೆದು ರಿಕ್ಷಾದವನನ್ನು ಅಂಚಿಗೆ ತಳ್ಳಿತು. ಇಲ್ಲಿ ನಗರದ ಒಂದು ಪಾಲು ಕುಸಿದು ಜನರನ್ನು ರಿಕ್ಷಾದೊಳಕ್ಕೆ ತಳ್ಳಿತು. ಇಪ್ಪತ್ತು ಕಿಲೋಮೀಟರ್ ಆಚೆಯ ಶಿವಮೊಗ್ಗ ಅದೇ ಹೊತ್ತಿಗೆ ಹೊಸ ಹೊಸ ಬಟ್ಟೆ ತೊಡುತ್ತಿತ್ತು.

ಹಳೆಯ ಅರ್ಥದ ರಿಕ್ಷಾ, ಅಂದರೆ ಮನುಷ್ಯ ಮನುಷ್ಯನನ್ನು ಕೂರಿಸಿಕೊಂಡು ಎಳೆಯುವ ಗಾಡಿ, ಈ ಎರಡೂ ಊರುಗಳಲ್ಲಿ ಇವತ್ತು ಇಲ್ಲ. ಮಲೆನಾಡಿನ ಹಿರಿಯರ ನೆನಪಿನಲ್ಲಿರುವುದು ಜಟಕಾ ಗಾಡಿ. ಬೆಂಗಳೂರಿಗೆ ಆಟೊರಿಕ್ಷಾ ಬಂದದ್ದು 1950ರ ಕೊನೆಗೆ, ಆಗಿನ ಮೇಯರ್ ಎನ್. ಕೇಶವ ಅಯ್ಯಂಗಾರರ ಉತ್ಸಾಹದಿಂದ, ಬರೀ ಹತ್ತು ಗಾಡಿಗಳಾಗಿ. ಇಂಜಿನ್ ಬಂದಮೇಲೆ ಬೆವರು ಸುರಿಸಿ ಎಳೆಯುವ ಕಷ್ಟ ಹೋಯಿತು. ಆದರೆ ಗಾಡಿ ಯಾರದು ಎಂಬ ಪ್ರಶ್ನೆ ಹೋಗಲಿಲ್ಲ.

ಆ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು 1980ರಲ್ಲಿ. ಸೈಕಲ್ ರಿಕ್ಷಾ ಯಾರ ಹೆಸರಿನಲ್ಲಿದೆಯೋ ಅವರೇ ತುಳಿಯಬೇಕು, ಬಾಡಿಗೆಗೆ ಬಿಟ್ಟು ಕೂತು ತಿನ್ನುವಂತಿಲ್ಲ ಎಂದು ಪಂಜಾಬ್ ಸರ್ಕಾರ 1975ರಲ್ಲಿ ಕಾಯ್ದೆ ಮಾಡಿತ್ತು. ಉದ್ದೇಶ ಒಳ್ಳೆಯದು. ಆದರೆ ರಿಕ್ಷಾ ಕೊಳ್ಳುವ ಶಕ್ತಿಯೇ ಇಲ್ಲದ, ಬಾಡಿಗೆ ಗಾಡಿ ತುಳಿದು ಬದುಕುತ್ತಿದ್ದ ಸಾವಿರಾರು ಜನರ ಅನ್ನಕ್ಕೇ ಅದು ಕಲ್ಲು ಹಾಕಿತು. ಅಮೃತಸರದ ರಿಕ್ಷಾ ಕಾರ್ಮಿಕರ ಸಂಘ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಕಾಯ್ದೆ ಸರಿಯೇ ತಪ್ಪೇ ಎಂಬ ವಾದದಲ್ಲೇ ನಿಲ್ಲದೆ, ತುಳಿಯುವವನಿಗೆ ಬ್ಯಾಂಕ್ ಸಾಲ ಸಿಕ್ಕು ಗಾಡಿ ಅವನದೇ ಆಗುವ ದಾರಿಯನ್ನು ತೋರಿಸಿದರು. ನಲವತ್ತೈದು ವರ್ಷ ಕಳೆದ ಮೇಲೆ, 2025ರ ಆಗಸ್ಟ್‌ನಲ್ಲಿ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮದಲ್ಲಿ ಕೈರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಬೇಕೆಂದು ಹೇಳುವಾಗ ಅದೇ ನ್ಯಾಯಾಲಯ ಈ ಹಳೆಯ ತೀರ್ಪನ್ನು ನೆನಪಿಸಿಕೊಂಡಿತು. ಎಳೆಯುವವರನ್ನು ಬೀದಿಗೆ ಬಿಡಬೇಡಿ, ಸರ್ಕಾರವೇ ಇ-ರಿಕ್ಷಾ ಕೊಂಡು ಅವರಿಗೆ ಬಾಡಿಗೆಗೆ ಕೊಡಲಿ ಎಂದಿತು. ಕೋಲ್ಕತ್ತದಲ್ಲಿ ಮಾತ್ರ ಕೈರಿಕ್ಷಾಗಳು ನಿಷೇಧದ ಮಾತಿನ ನಡುವೆಯೇ ಇಂದಿಗೂ ಉಳಿದಿವೆ.

ಭದ್ರಾವತಿಯ ಆಟೊ ಚಾಲಕ ಈ ಕಥೆಯಲ್ಲಿ ಎಲ್ಲಿ ನಿಲ್ಲುತ್ತಾನೆ? ಆರ್‌ಸಿ ಪುಸ್ತಕದ ಪ್ರಕಾರ ಅವನು ಮಾಲೀಕ. ಅದೇ ಪುಸ್ತಕದ ಕೆಳಗೆ ಫೈನಾನ್ಸ್ ಕಂಪನಿಯ ಹೆಸರೂ ಇರುತ್ತದೆ.

ಲೆಕ್ಕ ಹಾಕಿ ನೋಡಬಹುದು. ಹೊಸ ಆಟೊ ರಸ್ತೆಗಿಳಿಯುವಾಗ ಎರಡೂವರೆಯಿಂದ ಮೂರು ಲಕ್ಷ ರೂಪಾಯಿ ಬೇಕು. ಎರಡು ಲಕ್ಷ ಸಾಲವೆಂದು ಹಿಡಿದರೂ ಮೂರು ವರ್ಷಕ್ಕೆ ತಿಂಗಳ ಕಂತು ಏಳೆಂಟು ಸಾವಿರ. ಭಾನುವಾರ, ಅಮಾವಾಸ್ಯೆ, ಜ್ವರ, ಬಂದ್ ಎಲ್ಲ ಕಳೆದು ತಿಂಗಳಿಗೆ ಇಪ್ಪತ್ತೈದು ದಿನ ಗಾಡಿ ಓಡಿತು ಎಂದುಕೊಂಡರೆ ಬೆಳಿಗ್ಗೆ ಬೋಣಿಯಾಗುವ ಮೊದಲೇ ಮುನ್ನೂರು ರೂಪಾಯಿ ಕಂತಿನ ಪಾಲಾಗಿರುತ್ತದೆ. ಆಮೇಲೆ ಗ್ಯಾಸು. ವರ್ಷಕ್ಕೊಮ್ಮೆ ವಿಮೆ, ಥರ್ಡ್ ಪಾರ್ಟಿ ಒಂದೇ ಆರೇಳು ಸಾವಿರ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ. ಎಫ್‌ಸಿ ಮಾಡಿಸುವುದೆಂದರೆ ಶುಲ್ಕ ಕಟ್ಟಿ ಬರುವುದಷ್ಟೇ ಅಲ್ಲ. ಟಿಂಕರಿಂಗ್, ಪೇಂಟು, ಹುಡ್ಡು, ಟೈರು ಎಲ್ಲ ಆಗಬೇಕು, ಅಷ್ಟು ದಿನ ಗಾಡಿ ಗ್ಯಾರೇಜಿನಲ್ಲಿ ನಿಲ್ಲಬೇಕು. ಗಡುವು ದಾಟಿದರೆ ದಿನಕ್ಕೆ ಐವತ್ತು ರೂಪಾಯಿ ದಂಡ ಎಂದು ಕೇಂದ್ರದ ನಿಯಮ. ಮೂರು ಕಂತು ತಪ್ಪಿತೋ, ಫೈನಾನ್ಸ್‌ನವರ ಹುಡುಗರು ಗಾಡಿ ಸೀಜ್ ಮಾಡಲು ಬರುತ್ತಾರೆ. ದುಡಿಯುವ ಸಾಧನವನ್ನೇ ಎತ್ತಿಕೊಂಡು ಹೋದಮೇಲೆ ಬಾಕಿ ತೀರಿಸುವುದು ಹೇಗೆ ಎನ್ನುವುದು ಸಾಲ ಕೊಟ್ಟವರ ತಲೆಬಿಸಿ ಅಲ್ಲ.

ಸ್ವಂತ ಗಾಡಿ ಇಲ್ಲದವನ ಲೆಕ್ಕ ಚಿಕ್ಕದು, ಕಷ್ಟ ದೊಡ್ಡದು. ಸಂಜೆ ಮಾಲೀಕನಿಗೆ ದಿನದ ಬಾಡಿಗೆ ಒಪ್ಪಿಸಬೇಕು. ಮಳೆ ಬರಲಿ, ಬಂದ್ ಇರಲಿ, ಮೊತ್ತ ಬದಲಾಗುವುದಿಲ್ಲ.

ದುಡಿಮೆಯ ದಿನ ಶುರುವಾಗುವುದು ನಸುಕಿನಲ್ಲಿ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಜನಶತಾಬ್ದಿ ಹಿಡಿಯುವವರನ್ನು ನಿಲ್ದಾಣಕ್ಕೆ ಬಿಡುವುದು, ರಾತ್ರಿ ರೈಲು, ರಾತ್ರಿ ಬಸ್ಸುಗಳಲ್ಲಿ ಬಂದಿಳಿದವರನ್ನು ಮನೆ ಮುಟ್ಟಿಸುವುದು. ಊರಿನ ಯುವಕರಲ್ಲಿ ಬಹಳಷ್ಟು ಜನ ಬೆಂಗಳೂರು ಸೇರಿರುವುದರಿಂದ ಹಬ್ಬದ ಹಿಂದಿನ ದಿನಗಳಲ್ಲಿ ಈ ಬಾಡಿಗೆ ಚೆನ್ನಾಗಿರುತ್ತದೆ. ಊರಲ್ಲಿ ಕೆಲಸವಿಲ್ಲದ್ದೇ ಆಟೊದವನಿಗೆ ಒಂದಿಷ್ಟು ಕೆಲಸ ಕೊಟ್ಟಿದೆ ಎಂದರೂ ಸರಿಯೇ. ಎಂಟು ಗಂಟೆಗೆ ಶಾಲೆಯ ಮಕ್ಕಳು. ತಿಂಗಳಿಗಿಷ್ಟು ಎಂದು ಖಚಿತವಾಗಿ ಕೈಗೆ ಬರುವ ದುಡ್ಡು ಇದೊಂದೇ. ಬ್ಯಾಗುಗಳು ಹೊರಗೆ ನೇತಾಡುವ ಹಾಗೆ ಮಕ್ಕಳನ್ನು ತುಂಬುವುದು ಅಪಾಯ ಎಂದು ಗೊತ್ತಿದ್ದೂ ಚಾಲಕರು ಬಿಡಲಾರದ್ದು ಇದೇ ಕಾರಣಕ್ಕೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಶಾಲೆಗೆ ರಜೆ, ಕಂತಿಗೆ ರಜೆಯಿಲ್ಲ. ಹತ್ತು ಗಂಟೆಯಿಂದ ಸಂಜೆ ನಾಲ್ಕರವರೆಗೆ ರಂಗಪ್ಪ ವೃತ್ತದಲ್ಲೋ ಬಸ್ ನಿಲ್ದಾಣದ ಬಳಿಯೋ ಸರತಿಯಲ್ಲಿ ನಿಂತು ಗಾಡಿಯನ್ನು ಒಂದೊಂದೇ ಹೆಜ್ಜೆ ಮುಂದೆ ತಳ್ಳುವುದು. ಇಂಜಿನ್ ಸ್ಟಾರ್ಟ್ ಮಾಡಿದರೆ ಗ್ಯಾಸು ಖರ್ಚಲ್ಲವೇ? ಈ ಹೊತ್ತಿನಲ್ಲಿ ನೋಡಿದರೆ, ರಿಕ್ಷಾ ಎಳೆಯುವವರು ನಮ್ಮಲ್ಲಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ.

ಮೀಟರಿನ ವಿಷಯ ಬಂದರೆ ಪ್ರಯಾಣಿಕರ ದೂರು ಒಂದು, ಚಾಲಕರ ದೂರು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆಟೊ ದರ ನಿಗದಿ ಮಾಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಇಂಧನದ ಬೆಲೆ ಏರುವ ಹಾಗೆ ದರ ತಾನಾಗಿ ಏರುವುದಿಲ್ಲ. ಮನವಿ, ಸಭೆ, ಅಧಿಸೂಚನೆ ಎಂದು ವರ್ಷಗಳು ಹಿಡಿಯುತ್ತವೆ. ರಾಜಧಾನಿಯಲ್ಲೇ 2021ರ ಕೊನೆಗೆ 30 ರೂಪಾಯಿಯಾದ ಕನಿಷ್ಠ ದರ 36 ಆಗಲು 2025ರ ಆಗಸ್ಟ್ ಬರಬೇಕಾಯಿತು. ಸಣ್ಣ ಊರುಗಳಲ್ಲಿ ಇದರ ಫಲ ಏನೆಂದರೆ ಮೀಟರ್ ಬಾಯಿ ಮುಚ್ಚುತ್ತದೆ, ಮಾತು ಶುರುವಾಗುತ್ತದೆ. ಊರು ಬಲ್ಲವನಿಗೆ ಒಂದು ದರ, ಸೂಟ್‌ಕೇಸ್ ಹಿಡಿದು ಮಿಕಮಿಕ ನೋಡುವವನಿಗೆ ಇನ್ನೊಂದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮುಂದೆ ರೋಗಿಯ ಕಡೆಯವರು ಚೌಕಾಸಿ ಮಾಡುವುದನ್ನು ನೋಡಿದರೆ ಯಾರಿಗಾದರೂ ಆಟೊದವರ ಮೇಲೆ ಸಿಟ್ಟು ಬಂದೀತು. ಆದರೆ ಹಾಗೆ ವಸೂಲಾದ ಹೆಚ್ಚಿನ ಐವತ್ತು ರೂಪಾಯಿ ಆ ಗಾಡಿ ಬೆಳಗಿನಿಂದ ಖಾಲಿ ನಿಂತ ಹೊತ್ತಿನ ಖರ್ಚನ್ನೂ ತುಂಬಿಸಬೇಕು. ದರ ಕಾಲಕ್ಕೆ ಸರಿಯಾಗಿ ಪರಿಷ್ಕರಣೆಯಾಗಿ, ಮೀಟರ್ ಕಡ್ಡಾಯವಾಗಿ ಜಾರಿಯಾದರೆ ಹೆಚ್ಚು ಲಾಭ ಚಾಲಕರಿಗೇ. ಹೆದರಿಕೆಯಿಂದ ಆಟೊ ಹತ್ತದವರ ಸಂಖ್ಯೆ ಸಣ್ಣದಲ್ಲ.

ಇಷ್ಟರ ನಡುವೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಎರಡು ವರ್ಷ ಕಳೆದು ಒಂದು ತಿಂಗಳಾಗುವಷ್ಟರಲ್ಲಿ ರಾಜ್ಯದಲ್ಲಿ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಖಾಸಗಿ ಬಸ್ಸುಗಳದ್ದೇ ದರ್ಬಾರಾಗಿದ್ದ ಶಿವಮೊಗ್ಗ ಸೀಮೆಯಲ್ಲಿ ಮೊದಲ ಪೆಟ್ಟು ಬಿದ್ದದ್ದು ಆ ಬಸ್ಸುಗಳಿಗೆ; ಎರಡನೆಯದು ಸೀಟಿನ ಲೆಕ್ಕದಲ್ಲಿ ಜನ ಹತ್ತಿಸುತ್ತಿದ್ದ ಆಟೊಗಳಿಗೆ. ಆಟೊ, ಟ್ಯಾಕ್ಸಿ, ಖಾಸಗಿ ಬಸ್ಸಿನವರು ಸೇರಿ 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಬಂದ್ ಮಾಡಿದರು. ನಷ್ಟಕ್ಕೆ ಚಾಲಕರಿಗೆ ತಿಂಗಳಿಗೆ ಹತ್ತು ಸಾವಿರ ಕೊಡಬೇಕು, ಬೈಕ್ ಟ್ಯಾಕ್ಸಿ ನಿಲ್ಲಿಸಬೇಕು ಎಂಬುವು ಬೇಡಿಕೆಗಳಲ್ಲಿ ಮುಖ್ಯವಾಗಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಾರ್ಮೆಂಟ್ಸಿಗೋ ಮನೆಗೆಲಸಕ್ಕೋ ಹೋಗುವ ಹೆಂಗಸು ದಿನಕ್ಕೆ ನಲವತ್ತು ರೂಪಾಯಿ ಉಳಿಸಿಕೊಂಡರೆ ಅದು ಆಟೊದವನಿಂದ ಕಸಿದದ್ದಲ್ಲ. ಆ ಹೆಂಗಸು ಆಟೊದವನ ಹೆಂಡತಿಯೇ ಆಗಿರಬಹುದು, ಬಹಳ ಸಲ ಆಗಿರುತ್ತಾಳೆ ಕೂಡ. ಒಂದೇ ಮನೆಯ ಒಂದು ಕಿಸೆಗೆ ಬಂದದ್ದು ಇನ್ನೊಂದು ಕಿಸೆಯಿಂದ ಹೋಗಿದೆ. ಯೋಜನೆ ರೂಪಿಸಿದವರು ಬಸ್ಸಿನ ನಷ್ಟವನ್ನು ನಿಗಮಗಳಿಗೆ ತುಂಬಿಕೊಡುವ ಲೆಕ್ಕ ಇಟ್ಟರು, ಬಸ್ಸಿನ ಪಕ್ಕ ನಿಂತವನ ಲೆಕ್ಕ ಇಡಲಿಲ್ಲ. ತಕರಾರು ಇರಬೇಕಾದ್ದು ಅಲ್ಲಿ. ಇನ್ನು ಶಕ್ತಿಗೂ ಮೊದಲಿನಿಂದ ಬಾಡಿಗೆ ತಿನ್ನುತ್ತಿರುವುದು ಪ್ರತಿ ಮನೆಯ ಬಾಗಿಲಲ್ಲಿ ನಿಂತ ಸ್ಕೂಟರು. ಅದರ ವಿರುದ್ಧ ಬಂದ್ ಮಾಡಲಾಗುವುದಿಲ್ಲ.

ಶಿವಮೊಗ್ಗದತ್ತ ಬಂದರೆ ಚಿತ್ರ ಬೇರೆ. ನಗರ 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಆಮೇಲೆ ಕೆಲವು ವರ್ಷ ರಸ್ತೆ ಅಗೆಯುವುದು, ಮುಚ್ಚುವುದು, ಮತ್ತೆ ಅಗೆಯುವುದು. ದಾರಿ ಸುತ್ತಿ ಹೋದಷ್ಟೂ ಗ್ಯಾಸು ಹೆಚ್ಚು, ಬಾಡಿಗೆ ಅಷ್ಟೇ. ಈಗ ರಸ್ತೆಗಳು ಚೆನ್ನಾಗಿವೆ, ಪಾದಚಾರಿ ಮಾರ್ಗ ಅಗಲವಾಗಿದೆ. ಆಟೊ ನಿಲ್ಲಿಸುವ ಜಾಗ ಮಾತ್ರ ಹಲವು ಕಡೆ ನಕ್ಷೆಯಿಂದ ಜಾರಿದೆ. ಗೋಪಿ ವೃತ್ತದ ಸುತ್ತ, ನೆಹರು ರಸ್ತೆಯಲ್ಲಿ ಗಿರಾಕಿಯನ್ನು ಹತ್ತಿಸಿಕೊಳ್ಳಲು ಅರೆಗಳಿಗೆ ನಿಂತರೂ ಹಿಂದಿನ ಕಾರು ಹಾರ್ನ್ ಹೊಡೆಯುತ್ತದೆ, ಪೊಲೀಸರ ಕ್ಯಾಮೆರಾ ಚಿತ್ರ ತೆಗೆಯುತ್ತದೆ.

2023ರ ಫೆಬ್ರುವರಿ 27ರಂದು ಪ್ರಧಾನಿ ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟಿಸಿದರು. ವಿಐಎಸ್‌ಎಲ್ ಮುಚ್ಚುವ ಸುದ್ದಿಗೆ ಆಗ ಒಂದೂವರೆ ತಿಂಗಳೂ ಆಗಿರಲಿಲ್ಲ. ಕುವೆಂಪು ಅವರ ಹೆಸರಿನ ಆ ನಿಲ್ದಾಣಕ್ಕೆ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಅಂಥ ಎಟಿಆರ್ ವಿಮಾನವೊಂದರಲ್ಲಿ ಕೂರುವವರು ಎಂಬತ್ತರ ಒಳಗೆ. ಅವರಲ್ಲಿ ಹೆಚ್ಚಿನವರಿಗೆ ಮನೆಯ ಕಾರು ಬರುತ್ತದೆ, ಉಳಿದವರಿಗೆ ಟ್ಯಾಕ್ಸಿ. ಊರು ಹೊಂದಿದ ಹೊಸ ವೈಭವದಿಂದ ಆಟೊಗೆ ಸಿಕ್ಕಿದ್ದು ಎಷ್ಟು ಎಂದು ಅಳೆಯಲು ಇದೊಂದು ಉದಾಹರಣೆ ಸಾಕು.

ಹೊಸದರ ಪೈಕಿ ಚಾಲಕರ ಬಾಳಿಗೆ ನೇರ ತಾಗಿರುವುದು ವಿದ್ಯುತ್ ಆಟೊ. ಗ್ಯಾಸಿನ ಖರ್ಚಿಗೆ ಹೋಲಿಸಿದರೆ ಚಾರ್ಜಿನ ಖರ್ಚು ತೀರಾ ಕಡಿಮೆ. ಅದಕ್ಕಿಂತ ಮುಖ್ಯ, 2018ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳಿಗೆ ಪರ್ಮಿಟ್ಟಿನಿಂದಲೇ ವಿನಾಯಿತಿ ಕೊಟ್ಟಿತು. ಪರ್ಮಿಟ್ಟಿಗೆ ಓಡಾಡಿ, ಇಂತಿಷ್ಟು ಎಲ್ಲೆಯೊಳಗೆ ಮಾತ್ರ ಓಡಿಸುವ ನಿಯಮಕ್ಕೆ ತಲೆಬಾಗಿದವನ ಪಕ್ಕದಲ್ಲಿ ಪರ್ಮಿಟ್ಟೇ ಬೇಡದ ಗಾಡಿ ಬಂದು ನಿಂತರೆ ಏನಾಗುತ್ತದೆ ಎಂಬುದನ್ನು ಮಂಗಳೂರು ತೋರಿಸಿದೆ. ಅಲ್ಲಿ ಹಳೆಯ ಆಟೊದವರು ಇ-ಆಟೊಗಳ ವಿರುದ್ಧ ಬೀದಿಗಿಳಿದರು. ವಿದ್ಯುತ್ ಗಾಡಿಯ ಬೆಲೆ ಹೆಚ್ಚು, ಬ್ಯಾಟರಿ ಸೋತರೆ ಮತ್ತೆ ದೊಡ್ಡ ಖರ್ಚು. ಕಂತು ತೀರುವ ಹೊತ್ತಿಗೆ ಬ್ಯಾಟರಿಯೂ ತೀರಿದರೆ ಚಾಲಕ ಮತ್ತೆ ಸಾಲದ ಮೊದಲ ಮೆಟ್ಟಿಲಿಗೆ.

ಕಷ್ಟಕಾಲದಲ್ಲಿ ಈ ಜನರನ್ನು ಸರ್ಕಾರ ನೆನಪಿಸಿಕೊಂಡದ್ದೇ ಇಲ್ಲ ಎನ್ನುವಂತಿಲ್ಲ. ಕೋವಿಡ್ಡಿನ ಮೊದಲ ಲಾಕ್‌ಡೌನಿನಲ್ಲಿ, 2020ರ ಮೇ ತಿಂಗಳಲ್ಲಿ, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಶಿವಮೊಗ್ಗ ಜಿಲ್ಲೆಯವರೇ, ರಾಜ್ಯದ 7,75,000 ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿದರು. ಮರುವರ್ಷ ಎರಡನೆಯ ಅಲೆಯಲ್ಲಿ ಮೊತ್ತ 3,000ಕ್ಕೆ ಇಳಿಯಿತು. ಅರ್ಜಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ; ಲೈಸೆನ್ಸು, ಬ್ಯಾಡ್ಜು, ಆಧಾರ್, ಬ್ಯಾಂಕ್ ಖಾತೆ ಎಲ್ಲ ಸರಿಯಿರಬೇಕು. ಬ್ಯಾಡ್ಜ್ ನವೀಕರಿಸದೆ ಬಿಟ್ಟವನು, ಇನ್ನೊಬ್ಬರ ಗಾಡಿಯನ್ನು ರಾತ್ರಿ ಹೊತ್ತು ಓಡಿಸುವವನು, ಅಂದರೆ ಎಲ್ಲರಿಗಿಂತ ಕಷ್ಟದಲ್ಲಿದ್ದವನು, ಇಂಥ ಜರಡಿಯಲ್ಲಿ ಕೆಳಗೆ ಬೀಳುತ್ತಾನೆ.

ಇದಕ್ಕಿಂತ ಗಟ್ಟಿಯಾದದ್ದು 2024ರ ಕಾಯ್ದೆ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಹಾಗೂ ಕಲ್ಯಾಣಕ್ಕೆಂದು ಕರ್ನಾಟಕ ಮಾಡಿದ ಈ ಕಾನೂನು ಚಾಲಕರನ್ನಷ್ಟೇ ಅಲ್ಲ, ಗ್ಯಾರೇಜಿನ ಮೆಕ್ಯಾನಿಕ್, ಕ್ಲೀನರ್‌ಗಳನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ, ಮಕ್ಕಳ ಓದಿಗೆ ನೆರವು ಈ ಕಾಯ್ದೆಯ ಕಲ್ಯಾಣ ಮಂಡಳಿಯ ಮೂಲಕ ಸಿಗಬೇಕು. ಹಣ ಬರುವ ದಾರಿ ಸ್ವಾರಸ್ಯವಾಗಿದೆ: 2025ರಿಂದ ರಾಜ್ಯದಲ್ಲಿ ಹೊಸದಾಗಿ ನೋಂದಣಿಯಾಗುವ ಪ್ರತಿ ದ್ವಿಚಕ್ರ ವಾಹನಕ್ಕೆ 500, ಕಾರಿಗೆ 1,000 ರೂಪಾಯಿ ಸೆಸ್. ಆಟೊ ಹತ್ತುವುದನ್ನು ಬಿಟ್ಟು ಸ್ಕೂಟರ್ ಕೊಂಡವನು ಆಟೊದವನ ನಿಧಿಗೆ ಐನೂರು ರೂಪಾಯಿ ಹಾಕಿಯೇ ಶೋರೂಮಿನಿಂದ ಹೊರಡುತ್ತಾನೆ. ಈ ಸೌಲಭ್ಯ ಸಿಗಬೇಕಾದರೆ ಚಾಲಕ ಮೊದಲು ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ದುಡಿಮೆಯ ಒಂದು ದಿನ ಬಿಟ್ಟು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಬರುವುದು ಎಂದರೆ ಆ ದಿನದ ಮುನ್ನೂರು ರೂಪಾಯಿ ಕಂತು ಎಲ್ಲಿಂದ? ಚಾಲಕರ ಸಂಘಗಳಿಗೆ ನಿಜವಾದ ಕೆಲಸ ಇರುವುದು ಇಲ್ಲಿ.

ಸಂಘಗಳೇನೋ ಇವೆ, ಗಟ್ಟಿಯಾಗಿಯೇ ಇವೆ. ಅವುಗಳ ಇಷ್ಟದೈವ ಶಂಕರ್‌ನಾಗ್. 1980ರಲ್ಲಿ ಬಂದ ‘ಆಟೊ ರಾಜ’ ಚಿತ್ರದ ನಾಯಕ ತೆರೆಯಿಂದಿಳಿದು ಗಾಡಿಯ ಹಿಂಬದಿಗೆ ಬಂದವನು ಮತ್ತೆ ಹೋಗಲೇ ಇಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತಾರು ತುಂಬಿರಲಿಲ್ಲ. ಅವರು ತೀರಿಹೋದ ಎಷ್ಟೋ ವರ್ಷಕ್ಕೆ ಹುಟ್ಟಿದ ಹುಡುಗರೂ ಇವತ್ತು ಸ್ಟ್ಯಾಂಡಿಗೆ ಅವರ ಹೆಸರಿಟ್ಟು, ನವೆಂಬರ್ ಒಂದರಂದು ಬಾವುಟ ಕಟ್ಟಿ ಮೆರವಣಿಗೆ ಹೊರಡುತ್ತಾರೆ. ಸ್ಟ್ಯಾಂಡಿನವನೊಬ್ಬ ಆಸ್ಪತ್ರೆ ಸೇರಿದರೆ ತಲಾ ನೂರಿನ್ನೂರು ಎತ್ತಿ ಕೊಡುವವರೂ ಇವರೇ. ಪಿ.ಎಫ್., ಇಎಸ್‌ಐ ಇಲ್ಲದ ಕಸುಬಿನಲ್ಲಿ ಈ ಚಂದಾ ಹಣವೇ ವಿಮೆ.

2024ರ ಜೂನ್ ಕೊನೆಗೆ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಭದ್ರಾವತಿಗೆ ಬಂದು ಕಾರ್ಖಾನೆಗೆ ಮರುಜೀವ ಕೊಡುವ ಮಾತಾಡಿದ ಮೇಲೆ ಊರಿನ ಮಾತುಕತೆಯಲ್ಲಿ ಮತ್ತೆ ಆಸೆ ಸೇರಿಕೊಂಡಿದೆ. ಕುಲುಮೆ ಹೊತ್ತಿಕೊಂಡರೆ ಸ್ಟ್ಯಾಂಡಿನ ಬಾಡಿಗೆಯೂ ಹೊತ್ತಿಕೊಳ್ಳುತ್ತದೆ ಎಂಬುದು ಚಾಲಕರ ಲೆಕ್ಕ. ಆ ಲೆಕ್ಕ ಅರ್ಧ ಮಾತ್ರ ಸರಿಯಾಗಬಹುದು. ಇಂದಿನ ಉಕ್ಕಿನ ಕಾರ್ಖಾನೆಗೆ ಹಿಂದಿನಷ್ಟು ಕೈಗಳು ಬೇಡ. ಕೆಲಸ ಸಿಕ್ಕವರಲ್ಲಿ ಹೆಚ್ಚಿನವರು ಮೊದಲ ವರ್ಷವೇ ಬೈಕು ಕೊಳ್ಳುತ್ತಾರೆ. ಆದರೆ ಸಂಬಳ ತರುವ ಮನೆಯ ಮುದುಕಿ ಸಂತೆಗೆ, ಸೊಸೆ ತವರಿಗೆ, ಮಕ್ಕಳು ಶಾಲೆಗೆ ಹೋಗಲು ಆಟೊ ಕರೆದಾರು. ಜೊತೆಗೆ ಈಗ ಬೇರೆ ದಾರಿ ಕಾಣದೆ ಸ್ಟ್ಯಾಂಡಿಗೆ ಬಂದು ನಿಂತವರಲ್ಲಿ ಕೆಲವರಾದರೂ ಗಾಡಿ ಮಾರಿ ಗೇಟಿನೊಳಗೆ ಹೋದಾರು. ಉಳಿದವರ ಸರತಿಯಲ್ಲಿ ಹತ್ತು ಗಾಡಿ ಕಡಿಮೆಯಾದರೂ ದಿನಕ್ಕೆ ಇನ್ನೆರಡು ಬಾಡಿಗೆ ಹೆಚ್ಚು ಸಿಕ್ಕೀತು.